ಹೊಂಗೆಯ ಹಾಲುಗಂಬ

ಮೇಷ್ಟ್ರೇ,

ನಿಮಗೆ ಏನು ಬರೆದುಕೊಟ್ಟರೂ ಮೊದಲು ಕೆಂಪು ಪೆನ್ನು ಹುಡುಕುತ್ತಿದ್ದಿರಿ. ಪಾಂಡವಪುರದ ಸ್ಕೂಲಿನಲ್ಲಿ ನನಗೆ ಕನ್ನಡ ಪಾಠ ಹೇಳುತ್ತಿದ್ದ ಕಾಲದಿಂದ ಅಂಟಿದ ಚಾಳಿ ಅದು. ಸ್ಕೂಲು ಬಿಟ್ಟು ಸಿನಿಮಾ ಡೈರೆಕ್ಟರಾದ ಮೇಲೂ ಹೋಗಲಿಲ್ಲ, ನಾನು ನಿಮ್ಮ ಬೆನ್ನು ಹತ್ತಿ ಬಂದು ಅಸಿಸ್ಟೆಂಟಾದ ಮೇಲೂ ಹೋಗಲಿಲ್ಲ. ನಾನು ಬರೆದ ಸೀನಿನ ಮೇಲೆಲ್ಲ ಕೆಂಪು ಗೀಟು. ಈಗ ಗೀಟು ಹಾಕಲು ನೀವಿಲ್ಲ, ಅದಕ್ಕೇ ಧೈರ್ಯವಾಗಿ ಬರೆಯಲು ಕೂತಿದ್ದೇನೆ. ಒಂದು ಸುದ್ದಿ ಇದೆ. ನೀವಿದ್ದಾಗಲೇ ಅದು ಸಿಕ್ಕಿದ್ದರೆ... ಇರಲಿ. ಮೊದಲೇ ಹೇಳಿಬಿಟ್ಟರೆ ‘ಲೇ ನಿಂಗ, ಕ್ಲೈಮ್ಯಾಕ್ಸ್ ಮೊದ್ಲೇ ಏಳ್ಬುಟ್ರೆ ಜನ ಎದ್ದೋಯ್ತಾರೆ ಕಣ್ಲಾ’ ಎಂದು ಬೈಯುತ್ತೀರಿ. ಪಾಠಕ್ಕೆ ಒಂದು ಕನ್ನಡ, ಬೈಗುಳಕ್ಕೆ ಒಂದು ಕನ್ನಡ ಇಟ್ಟುಕೊಂಡಿದ್ದವರು ನೀವು. ಆದ್ದರಿಂದ ಕ್ರಮವಾಗಿಯೇ ಹೇಳುತ್ತೇನೆ.

ಮೈಸೂರಿನ ನಿಮ್ಮ ಮನೆಯ ಜಗುಲಿಯ ಮೇಲೆ ಕೊನೆಯ ಬೇಸಿಗೆ ಕಳೆದದ್ದು ನೆನಪಿದೆಯೇ? ಒಂದು ಮಧ್ಯಾಹ್ನ ಮಜ್ಜಿಗೆ ಲೋಟ ಕೈಯಲ್ಲಿ ಹಿಡಿದು, ಕುಡಿಯದೆ, ರಸ್ತೆ ನೋಡುತ್ತಾ ಕೇಳಿದಿರಿ: ‘ನಿಂಗ, ಕಿರಂಗೂರಿನ ಆ ಕೂಸು ಏನಾಯ್ತೋ ಏನೋ?’ ಹೋಗಿ ವಿಚಾರಿಸಿಕೊಂಡು ಬರಲೇ ಎಂದೆ. ‘ಬ್ಯಾಡ ಬುಡು. ಕೆಟ್ಟದ್ದೇ ಆಗಿದ್ರೆ ಈಗ ತಿಳ್ಕಂಡು ಏನ್ ಮಾಡ್ಲಿ?’ ಎಂದು ಮಜ್ಜಿಗೆಯನ್ನು ಕೆಳಗಿಟ್ಟಿರಿ. ಹಿಂದಿನ ಗೋಡೆಯ ತುಂಬ ಪ್ರಶಸ್ತಿಗಳು. ಅವುಗಳಲ್ಲಿ ಒಂದರ ಮಾತನ್ನೂ ನೀವು ಆಡಲಿಲ್ಲ. ಆ ಹುಡುಗಿಯ ಮಾತು ಆಡಿದಿರಿ. ಆಮೇಲೆ ಹೆಚ್ಚು ದಿನ ನೀವು ಇರಲಿಲ್ಲ.

ಕಿರಂಗೂರಿನ ಆ ಶೂಟಿಂಗಿನ ಬೆಳಿಗ್ಗೆ ಕಣ್ಣಿಗೆ ಕಟ್ಟಿದಂತಿದೆ. ಮದುವೆ ಸೀನು. ಹೀರೋಯಿನ್ನಿಗೆ ಮದರಾಸಿನಲ್ಲಿ ಜ್ವರ, ರೈಲು ಹತ್ತಲೇ ಇಲ್ಲ. ಇಲ್ಲಿ ಚಪ್ಪರ ಹಾಕಿ ಆಗಿತ್ತು, ಮಾವಿನ ತೋರಣ ಬಾಡುತ್ತಿತ್ತು, ಪ್ರೊಡ್ಯೂಸರು ಬಾವಿಕಟ್ಟೆಯ ಮೇಲೆ ತಲೆ ಹಿಡಿದು ಕೂತಿದ್ದರು. ನೀವು ಅತ್ತಿತ್ತ ನೋಡಿ, ಬಿಂದಿಗೆ ಹೊತ್ತು ಹೋಗುತ್ತಿದ್ದ ಒಂದು ಹುಡುಗಿಯನ್ನು ತೋರಿಸಿ, ‘ಹಿಂದ್ಗಡೆಯಿಂದ ಅದೇ ಎತ್ತರ, ಅದೇ ಮೈಕಟ್ಟು. ಕ್ಯಾಮೆರಾ ಬೆನ್ನ ಕಡೆ ಇಡಾನ. ಮೊಕ ಮದ್ರಾಸಲ್ಲಿ ತಗಂಡ್ರಾಯ್ತು’ ಎಂದಿರಿ. ತಾಯಮ್ಮ ಅವಳ ಹೆಸರು. ಇನ್ನೂ ಮದುವೆಯಾಗದ ಹುಡುಗಿ. ಅವಳಪ್ಪ ಊರಿಗೆ ಸಿನಿಮಾದವರು ಬಂದ ಸಂಭ್ರಮದಲ್ಲಿ ಹೂಂ ಅಂದುಬಿಟ್ಟ. ಆಕೆಯನ್ನು ಯಾರಾದರೂ ಕೇಳಿದರೇ? ನನಗೆ ನೆನಪಿಲ್ಲ, ಕೇಳಿರಲಾರರು.

ಆಮೇಲೆ ನೀವು ಹೆಂಗಸರ ಗುಂಪಿಗೆ ಕೈಮುಗಿದದ್ದೂ ನೆನಪಿದೆ. ಊರಿನವರಿಗೆ ಹೀಗೆ ಮಾಡಿ ಹಾಗೆ ಮಾಡಿ ಅನ್ನುವಂತಿಲ್ಲ, ಅದು ನಿಮ್ಮ ಕಟ್ಟಳೆ. ‘ನಿಮ್ಮ ಮನೇ ಮದುವೇಲಿ ಎಂಗ್ ಮಾಡ್ತೀರೋ ಅಂಗೇ ಮಾಡ್ರವ್ವ. ನಾವು ಇಲ್ಲ ಅಂದ್ಕಳಿ’ ಎಂದು ಎಲ್ಲವನ್ನೂ ಅವರಿಗೇ ಬಿಟ್ಟು ಮೂಲೆಗೆ ಸರಿದಿರಿ. ಹಿರಿಯಳಾಗಿ ಮುಂದೆ ಬಂದವಳು ಸೋಬಾನೆ ಹಾಡುವ ಕೆಂಪಮ್ಮ. ಹಸೆ ಬರೆದಳು. ಹೆಣ್ಣಿನ ಸೋದರಮಾವ ಕೊಂಬೆ ಕಡಿದು ತಂದು ಚಪ್ಪರದ ನಡುವೆ ಹಾಲುಗಂಬ ನೆಟ್ಟ. ಹೀರೋ ತಾಳಿ ಕಟ್ಟಿದ. ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ಮುಸಿಮುಸಿ ನಗುತ್ತಿದ್ದರು. ಕ್ಯಾಮೆರಾ ಮುಂದೆ ನಾಚಿಕೆ ಎಂದುಕೊಂಡೆವು. ಒಂದೇ ಶಾಟು. ಕಟ್ ಎಂದಾಗ ನಿಮ್ಮ ಕಣ್ಣಲ್ಲಿ ನೀರಿತ್ತು. ‘ಒಂದೂ ಸುಳ್ಳಿಲ್ಲ ಕಣ್ಲಾ ಇದ್ರಲ್ಲಿ, ಒಂದೂ!’ ಎಂದು ನನ್ನ ಬೆನ್ನಿಗೆ ಗುದ್ದಿದಿರಿ. ಆ ಶಾಟು ನಿಮಗೆ ಎಷ್ಟು ಹೆಸರು ತಂದಿತು ಎಂದು ನಾನು ಹೇಳಬೇಕೆ?

ಶ್ರೀರಂಗಪಟ್ಟಣದ ಬಸ್‌ಸ್ಟಾಂಡಿನಲ್ಲಿ ಟಾಂಗಾ ಮಕ್ಬೂಲ್ ಸಾಬರು ಸಿಕ್ಕಿದ್ದು ಪಿಕ್ಚರು ಬಿಡುಗಡೆಗೆ ಮುಂಚೆಯೇ. ನಮ್ಮ ಲೈಟುಗಳನ್ನೆಲ್ಲ ಟಾಂಗಾದಲ್ಲಿ ಹೇರಿಕೊಂಡು ಊರೂರು ಸುತ್ತಿದವರು, ಸುದ್ದಿಗೆ ಅವರೇ ನಮ್ಮ ರೇಡಿಯೊ. ‘ಕ್ಯಾ ಬೋಲೂಂ ಸಾಬ್, ಆ ತಾಯಮ್ಮಂಗೆ ಕೆ.ಆರ್. ಪೇಟೆ ಕಡೆ ಸಂಬಂಧ ನೋಡಿದ್ರಂತೆ. ಮುರಿದೋಯ್ತು. ಸಿನಿಮಾದಲ್ಲಿ ತಾಳಿ ಬಿದ್ದಿರೋ ಹೆಣ್ಣು ಬ್ಯಾಡ ಅಂತ ಎದ್ದೋಗ್ಬುಟ್ರಂತೆ. ಬೇಚಾರಿ’ ಎಂದರು. ನಿಮ್ಮ ಕೈಯಲ್ಲಿದ್ದ ಟೀ ಆರಿ ಕೆನೆಗಟ್ಟಿತು.

ಅದಾದ ಮೇಲೆ ಒಂದು ದಿನ ಪಾಂಡವಪುರಕ್ಕೆ ಹೊರಟಿದ್ದೆವು, ಡ್ರೈವರು ಎಂದಿನಂತೆ ಕಿರಂಗೂರಿನ ದಾರಿಗೆ ತಿರುಗಿಸಿದ. ‘ಬೆಳಗೊಳದ ಮೇಲೆ ಹೋಗು’ ಎಂದಿರಿ. ‘ಸುತ್ತಾಯ್ತದೆ ಸಾರ್’ ಎಂದ. ‘ಗೊತ್ತು, ಹೋಗು’ ಎಂದಿರಿ. ಅಲ್ಲಿಂದ ಮುಂದೆ ನಮ್ಮ ವ್ಯಾನುಗಳೆಲ್ಲ ಬೆಳಗೊಳ, ಕೆ.ಆರ್.ಎಸ್. ಸುತ್ತಿಕೊಂಡೇ ಪಾಂಡವಪುರ ಸೇರಿದವು. ಪೆಟ್ರೋಲು ಹಾಕಿಸಿ ಹಾಕಿಸಿ ಪ್ರೊಡ್ಯೂಸರುಗಳು ಸೊರಗಿದರು. ಗೋವಿಂದನಹಳ್ಳಿಯಲ್ಲಿ ಶೂಟಿಂಗ್ ಮಾಡಿದಿರಿ, ಬೆಳಗೊಳದಲ್ಲಿ ಮಾಡಿದಿರಿ, ಕಿರಂಗೂರಿಗೆ ಮಾತ್ರ ಕಾಲಿಡಲಿಲ್ಲ. ನಿಮ್ಮ ಮುಂದಿನ ಪಿಕ್ಚರುಗಳಲ್ಲಿ ಒಂದು ಮದುವೆಯೂ ನಮ್ಮ ಕಣ್ಣೆದುರು ಆಗಲಿಲ್ಲ. ಕಂಡದ್ದೆಲ್ಲ ಮಾರನೆಯ ದಿನ ಚಪ್ಪರ ಕೀಳುತ್ತಿರುವ ಜನ. ಯಾಕೆಂದು ಗೊತ್ತಿದ್ದವನು ನಾನೊಬ್ಬನೇ.

ಶೈಲಜಾ ಎಂಬ ಹುಡುಗಿ ಪಾಂಡವಪುರದ ನಮ್ಮ ಮನೆಯ ಬಾಗಿಲು ತಟ್ಟಿದಾಗ ನೀವು ಹೋಗಿ ವರ್ಷ ತುಂಬಿತ್ತು. ಕತ್ತರಿಸಿದ ಕೂದಲು, ಹೆಗಲಿಗೆ ಒಂದು ಚೀಲ. ಸಿನಿಮಾ ಓದಿದವಳು, ಟಿವಿಗೆ ನಿಮ್ಮ ಮೇಲೆ ಸಾಕ್ಷ್ಯಚಿತ್ರ ಮಾಡುತ್ತಿದ್ದಾಳೆ. ನನ್ನ ಹೆಂಡತಿ ಮೊದಲು ಬಾಗಿಲಲ್ಲೇ ನಿಲ್ಲಿಸಿ, ‘ಯಾವೂರವ್ವ ನಿಂದು?’ ಎಂದು ಕೇಳಿ, ಅಪ್ಪ ನಾಗಮಂಗಲದ ಕಡೆಯವರು ಎಂದು ಗೊತ್ತಾದ ಮೇಲೆ ಒಳಗೆ ಕರೆದು ಮುದ್ದೆ ಬಡಿಸಿದಳು. ಉಂಡು ಕೈತೊಳೆದು ಹುಡುಗಿ ಚೀಲದಿಂದ ಕ್ಯಾಸೆಟ್ ತೆಗೆದು, ‘ಇಲ್ಲೀ ತನಕ ಆಗಿರೋದು ಇಷ್ಟು ಅಂಕಲ್, ನೋಡಿ’ ಎಂದಳು. ಪಕ್ಕದ ಮನೆಯಿಂದ ವಿಸಿಆರ್ ತಂದೆವು.

ನೀವು ಅದನ್ನು ನೋಡಬೇಕಿತ್ತು ಮೇಷ್ಟ್ರೇ! ಒಬ್ಬರಾದ ಮೇಲೆ ಒಬ್ಬರು ದೊಡ್ಡ ಮನುಷ್ಯರು ಪುಸ್ತಕದ ಬೀರುವಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು ನಿಮ್ಮನ್ನು ಹೊಗಳುತ್ತಾರೆ. ಪ್ರೊಡ್ಯೂಸರು, ಕ್ಯಾಮೆರಾಮನ್ನು, ಹೀರೋ, ವಿಮರ್ಶಕರು. ಎಲ್ಲ ಗಂಡಸರು, ಎಲ್ಲ ಬೆಂಗಳೂರು ಮದರಾಸಿನವರು, ಎಲ್ಲರ ಮೂಗಿನ ಮೇಲೂ ಕನ್ನಡಕ. ಹೆಂಗಸು ಅಂದರೆ ಹೀರೋಯಿನ್ನು ಒಬ್ಬರೇ. ಅವರು ‘ಮೇಷ್ಟ್ರು ತುಂಬಾ ಸ್ಟ್ರಿಕ್ಟು, ಆದ್ರೆ ತುಂಬಾ ಒಳ್ಳೇವ್ರು’ ಎಂದು ನಕ್ಕು ಮುಗಿಸಿದರು. ಒಬ್ಬ ವಿಮರ್ಶಕರಂತೂ ನಿಮ್ಮ ಪಿಕ್ಚರುಗಳಲ್ಲಿ ಮದುವೆ ಕಾಣದಿರುವುದು ವಿವಾಹ ವ್ಯವಸ್ಥೆಯ ತಾತ್ವಿಕ ನಿರಾಕರಣೆ ಎಂದು ಬಹಳ ಹೊತ್ತು ವಿವರಿಸಿದರು. ನಾನು ಬೆಳಗೊಳದ ಸುತ್ತುದಾರಿ ನೆನೆದು ಕೆಮ್ಮಿದೆ.

‘ಅಂಕಲ್, ಇದರಲ್ಲಿ ಏನಿಲ್ಲ ಹೇಳಿ?’ ಎಂದು ಶೈಲಜಾ ಟಿವಿ ಆರಿಸಿ ಕೇಳಿದಳು. ಮೇಷ್ಟ್ರು ಬೀಡಿ ಸೇದುವುದು ಇಲ್ಲ ಎಂದೆ. ಅವಳು ನಗಲಿಲ್ಲ. ‘ಇವರ ಪಿಕ್ಚರ್ ತುಂಬ ಈ ಕಡೆಯ ಹಳ್ಳಿಗಳು. ಇವರ ಬಗ್ಗೆ ಮಾತಾಡೋಕೆ ಆ ಹಳ್ಳಿಯವರು ಒಬ್ಬರೂ ಇಲ್ಲ. ಹೆಂಗಸರಿಲ್ಲ, ಕಾಲೊನಿಯವರಿಲ್ಲ, ಟೈಟಲಿನಲ್ಲಿ ಬರೀ ಗ್ರಾಮಸ್ಥರು ಅಂತ ಇದೆ. ಅವರಿಗೆ ಹೆಸರಿಲ್ವಾ? ಇದನ್ನ ಹೀಗೇ ಟಿವಿಗೆ ಕೊಟ್ಟರೆ ನನಗೆ ನಾಚಿಕೆ ಆಗುತ್ತೆ. ನೀವು ಜೊತೆಗೆ ಬನ್ನಿ, ಊರೂರಿಗೆ ಹೋಗೋಣ’ ಎಂದಳು. ನ್ಯಾಯವಾದ ಮಾತು. ಆದರೆ ಊರಿನವರು ಬಾಯಿ ಬಿಟ್ಟರೆ ತಾಯಮ್ಮನ ಕತೆ ಬಾರದೆ ಇರುತ್ತದೆಯೇ? ಒಂದು ಶಾಟಿಗಾಗಿ ಒಂದು ಹೆಣ್ಣಿನ ಬಾಳು ಕೆಡಿಸಿದ ಡೈರೆಕ್ಟರು ಎಂದು ನಾಡೆಲ್ಲ ನೋಡುವಂತೆ ಆಗಿಬಿಟ್ಟರೆ? ಎದ್ದು ಬಂದು ಉತ್ತರ ಹೇಳಲು ನೀವೂ ಇಲ್ಲ...

ಗೋವಿಂದನಹಳ್ಳಿಗೆ ಮೊದಲು ಹೋಗೋಣ ಎಂದದ್ದು ಅದಕ್ಕೇ, ಕಿರಂಗೂರಿನಿಂದ ಎಷ್ಟು ದೂರವೋ ಅಷ್ಟು ಒಳ್ಳೆಯದು. ಪಂಚಲಿಂಗೇಶ್ವರ ದೇವಸ್ಥಾನದ ಮುಂದೆ ನಿಮ್ಮ ತಮಟೆ ಮರಿಯಯ್ಯ ಸಿಕ್ಕಿದ. ಕೂದಲು ಬೆಳ್ಳಗಾಗಿದೆ, ನಗು ಹಾಗೇ ಇದೆ. ಶೈಲಜಾ ಕೇಳಿದ್ದಕ್ಕೆಲ್ಲ ನಿಮ್ಮನ್ನು ಹೊಗಳಿದ. ಆಮೇಲೆ, ‘ಮೇಷ್ಟ್ರು ಒಳ್ಳೇರು ಕಣವ್ವ, ನಮ್ಮ ಕೇರೀಲಿ ಕುಂತು ಉಂಡೋರು. ಆದ್ರೂ ಒಂದ್ ಮಾತು ಏಳ್ತೀನಿ. ಅವ್ರ ಪಿಚ್ಚರ್‌ನಲ್ಲೆಲ್ಲಾ ನನ್ ತಮಟೆ ಐತೆ, ನನ್ ಕೈ ಐತೆ. ಮೊಕ ಇಲ್ಲ. ಇದೇ ಕಣ್ರೋ ನಾನು ಅಂತ ಮೊಮ್ಮಕ್ಳಿಗೆ ತೋರ್ಸುದ್ರೆ, ಬರೀ ಕೈ ಐತಲ್ಲ ತಾತ ಅಂತವೆ’ ಎಂದ. ನಾನು ಮನಸ್ಸಿನಲ್ಲೇ ನಿಮ್ಮ ಪಿಕ್ಚರುಗಳನ್ನೆಲ್ಲ ಓಡಿಸಿ ನೋಡಿದೆ. ಹೌದು ಮೇಷ್ಟ್ರೇ, ಇಲ್ಲ. ದುಡಿಯುವ ಕೈಗಳ ಚೆಲುವಿನ ಬಗ್ಗೆ ಎಷ್ಟು ಭಾಷಣ ಮಾಡಿದ್ದಿರಿ! ಆ ಕೈ ಯಾರದು ಎಂದು ಒಂದು ಸಲವಾದರೂ ಹೇಳಿದಿರಾ? ನನಗೆ ನಿಮ್ಮ ಮೇಲೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಮರಿಯಯ್ಯನಿಗೆ ಮಾತ್ರ ಸಿಟ್ಟಿರಲಿಲ್ಲ. ಹೇಳಬೇಕಾದ್ದು ಹೇಳಿ ನಮಗೆ ಟೀ ತರಿಸಿಕೊಟ್ಟು, ನೀವು ಅವನ ತಮಟೆ ಕಾಯಿಸಲು ಹೋಗಿ ಮೀಸೆ ಸುಟ್ಟುಕೊಂಡದ್ದನ್ನು ನೆನೆದು ಹೊಟ್ಟೆ ಹಿಡಿದು ನಕ್ಕ. ಶೈಲಜಾ ಆ ನಗುವನ್ನು ಪೂರ್ತಿ ಕ್ಯಾಮೆರಾದಲ್ಲಿ ಹಿಡಿದಳು, ಬರೀ ಮುಖ.

ಅಲ್ಲಿಂದ ಬಂದ ಮಾರನೆಯ ಬೆಳಿಗ್ಗೆ ಆ ಹುಡುಗಿ ನಮ್ಮ ಮನೆಯಲ್ಲಿ ಮದುವೆ ಸೀನನ್ನು ಹಾಕಿ, ನಿಲ್ಲಿಸಿ, ಹಿಂದೆ ಓಡಿಸಿ, ಮತ್ತೆ ನಿಲ್ಲಿಸಿದಳು. ‘ಅಂಕಲ್, ಇದು ಹೀರೋಯಿನ್ ಅಲ್ಲ’ ಎಂದಳು. ಹೇಗೆ ಹೇಳುತ್ತೀಯ ಎಂದೆ. ‘ಕಿವಿ ನೋಡಿ. ಮೇಲ್ಗಡೆ ಬುಗುಡಿ ಹಾಕ್ಕೊಳ್ಳೋಕೆ ಚುಚ್ಚಿಸಿದ್ದಾರೆ. ಹೀರೋಯಿನ್ ಕಿವಿ ಮೇಲೆ ತೂತೇ ಇಲ್ಲ.’ ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಎಲ್ಲ ಹೇಳಿದೆ, ಮಕ್ಬೂಲ್ ಸಾಬರ ಸುದ್ದಿ, ಸುತ್ತುದಾರಿ, ನಿಮ್ಮ ಮಜ್ಜಿಗೆ ಲೋಟ. ಒಳ್ಳೆಯ ಸರಕು ಸಿಕ್ಕಿತು ಎಂದು ಹುಡುಗಿಯ ಕಣ್ಣು ಹೊಳೆಯುತ್ತದೆ ಎಂದುಕೊಂಡಿದ್ದೆ. ಅವಳು ಕ್ಯಾಸೆಟ್ ಹೊರಗೆ ತೆಗೆದು, ‘ಅವರನ್ನ ಹುಡುಕೋಣ ಅಂಕಲ್. ಅವರು ಬೇಡ ಅಂದರೆ ಈ ವಿಷಯ ಎತ್ತೋದೇ ಇಲ್ಲ. ಆದ್ರೆ ಕೇಳ್ಬೇಕು. ಆಗ ಯಾರೂ ಕೇಳಿಲ್ಲ ತಾನೆ?’ ಎಂದಳು.

ಕಿರಂಗೂರಿನ ದಾರಿಯಲ್ಲಿ ಅಷ್ಟು ವರ್ಷಗಳ ಮೇಲೆ ಹೋದೆ. ಕೆಂಪಮ್ಮ ಬದುಕಿದ್ದಾಳೆ ಮೇಷ್ಟ್ರೇ, ಹಲ್ಲೆಲ್ಲ ಹೋಗಿವೆ, ಗಂಟಲು ಇದೆ. ಜಗುಲಿಯ ಮೇಲೆ ಕೂತು ಅವರೆಕಾಳು ಹಿಸುಕುತ್ತಿದ್ದಳು. ನನ್ನನ್ನು ಗುರುತು ಹಿಡಿದು, ಕೂರು ಎನ್ನುವುದಕ್ಕೂ ಮುಂಚೆ, ‘ಮೇಷ್ಟ್ರು ಕ್ವಾಪ ಬುಟ್ರೇನಪ್ಪಾ?’ ಎಂದು ಕೇಳಿದಳು. ಯಾರ ಕೋಪ, ಏನು ಕೋಪ? ನೀವು ತೀರಿಕೊಂಡದ್ದನ್ನು ಹೇಳಿದೆ. ಹಿಸುಕುತ್ತಿದ್ದ ಕೈ ನಿಂತಿತು. ‘ಅಯ್ಯೋ, ಕ್ವಾಪ ಮಾಡ್ಕಂಡೇ ಓದ್ರಾ...’ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಶೈಲಜಾ ಪಕ್ಕದಲ್ಲಿ ಕೂತು, ಕಾಳು ಹಿಸುಕಲು ತಾನೂ ಕೈ ಹಾಕಿ, ‘ಯಾಕೆ ಕೋಪ ಅಜ್ಜಿ?’ ಎಂದು ಕೇಳಿದಳು.

‘ಒಂಗೆ ಕಂಬ ನೆಟ್ಟಿದ್ವಲ್ಲ ಮಗ, ಅದು ಗೊತ್ತಾಗ್ಬುಡ್ತು ಅವ್ರ್ಗೆ. ಅದ್ಕೇ ಮತ್ತೆ ನಮ್ಮೂರ್ಗೆ ಬರ್ನಿಲ್ಲ’ ಎಂದಳು ಕೆಂಪಮ್ಮ. ನಮಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಬಿಡಿಸಿ ಹೇಳಿದಳು. ಅವಳ ಮಾತಿನಲ್ಲೇ ಕೇಳಿ: ‘ಮದ್ವೆ ಆಗ್ದಿರೋ ಎಣ್ಣ ಅಸೆ ಮ್ಯಾಲೆ ಕುಂಡ್ರುಸಿ, ಯಾವನೋ ತಾಳಿ ಕಟ್ತನೆ ಅಂದ್ರೆ ನಮ್ಗೆ ಎದೆ ಒಡ್ಕೊಳಲ್ವಾ? ಮೇಷ್ಟ್ರು ನಿಮ್ಮನೇಲಿ ಮಾಡ್ದಂಗೇ ಮಾಡಿ ಅಂತ ಕುಂತವ್ರೆ. ಸಾಸ್ತ್ರ ಎಲ್ಲಾ ಸರ್ಯಾಗಿ ಮಾಡ್ಬುಟ್ರೆ ಅದು ಮದ್ವೇನೇ ಆಗೋಯ್ತದಲ್ಲಪ್ಪಾ! ಅದ್ಕೇ ನಾವು ಎಂಗುಸ್ರೆಲ್ಲಾ ಸೇರಿ ಕೆಡುಸ್ಬುಟ್ಟೋ. ಅವಳ ಸೋದ್ರಮಾವಂಗೆ, ಅತ್ತಿ ಕೊಂಬೆ ಬ್ಯಾಡ ಕಣ್ಲಾ, ಒಂಗೆ ಕೊಂಬೆ ಕಡ್ಕಂಡ್ ಬಾ ಅಂದೆ. ಮಾವಿನ್ ಸೊಪ್ ಸುತ್ತುದ್ರೆ ಯಾರ್ಗ್ ಗೊತ್ತಾಯ್ತದೆ?’

ನಿಮಗೆ ಅರ್ಥವಾಯಿತೇ ಮೇಷ್ಟ್ರೇ? ಕಡಿದರೆ ಹಾಲು ಸುರಿಸುವ ಮರದ ಕೊಂಬೆಯೇ ಹಾಲುಗಂಬ ಆಗಬೇಕು, ಅದಿಲ್ಲದ ಚಪ್ಪರದಲ್ಲಿ ಆದದ್ದು ನಮ್ಮ ಕಡೆ ಮದುವೆಯೇ ಅಲ್ಲ. ಹೊಂಗೆಯಲ್ಲಿ ಎಲ್ಲಿಯ ಹಾಲು! ಅದೂ ಸಾಲದೆಂದು, ಗಂಡಿನ ಅಕ್ಕನಾಗಿ ತಾಳಿಯ ಮೂರನೇ ಗಂಟು ಹಾಕಬೇಕಿದ್ದ ಕೆಂಪಮ್ಮ, ‘ಸುಮ್ಕೆ ಬೆಳ್ಳು ಆಡುಸ್ದೆ, ಗಂಟು ಆಕ್ನಿಲ್ಲ’ ಎಂದಳು. ಸಾಯಂಕಾಲ ಮನೆಗೆ ಬಂದು ಕ್ಯಾಸೆಟ್ ಹಾಕಿ ನೋಡಿದೆವು. ಕ್ಯಾಮೆರಾ ಇದ್ದದ್ದು ಬೆನ್ನ ಹಿಂದೆ ತಾನೆ, ಎಲ್ಲ ನಿಚ್ಚಳವಾಗಿದೆ. ಬೆರಳು ಆಡುತ್ತವೆ, ಗಂಟು ಬೀಳುವುದಿಲ್ಲ. ಒಂದೂ ಸುಳ್ಳಿಲ್ಲ ಎಂದು ನನ್ನ ಬೆನ್ನಿಗೆ ಗುದ್ದಿದ್ದಿರಲ್ಲ ಸ್ವಾಮಿ? ಅಷ್ಟು ಜನ ನೋಡಿದರು, ಅಷ್ಟು ಜನ ಬರೆದರು, ಒಬ್ಬರ ಕಣ್ಣಿಗೂ ಬೀಳಲಿಲ್ಲ. ನಾನೂ ನನ್ನ ಹೆಂಡತಿಯೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ‘ಆಗ ಯಾಕೆ ಹೇಳಲಿಲ್ಲ ಅಜ್ಜಿ?’ ಎಂದು ಶೈಲಜಾ ಕೇಳಿದ್ದಳು. ‘ನಮ್ಮನ್ನ ಯಾರ್ ಕೇಳುದ್ರವ್ವ? ಇಟ್ ವರ್ಸುಕ್ಕೆ ನೀನ್ ಬಂದು ಕೇಳ್ದೆ, ಏಳ್ದೆ’ ಎಂದಿದ್ದಳು ಕೆಂಪಮ್ಮ.

ನಕ್ಕು ಮುಗಿದ ಮೇಲೆ ಮತ್ತೆ ಅಳುಕು. ಗಂಟು ಬೀಳಲಿಲ್ಲ ಸರಿ, ಆದರೆ ಕೆ.ಆರ್. ಪೇಟೆಯ ಸಂಬಂಧ ಮುರಿದದ್ದು ಸುಳ್ಳೇ? ಅದನ್ನು ಕೇಳಿದ್ದಕ್ಕೆ ಕೆಂಪಮ್ಮ, ‘ಅದ ತಾಯಮ್ಮನೇ ಏಳ್ತಳೆ, ಓಗಿ’ ಎಂದು ನಾಗಮಂಗಲದ ಆಚೆಯ ಒಂದು ಹಳ್ಳಿಯ ಹೆಸರು ಹೇಳಿ ಕಳಿಸಿದ್ದಳು. ನಾವು ಹೋದಾಗ ತಾಯಮ್ಮ ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬರುತ್ತಿದ್ದಳು. ಕಿವಿಯ ಮೇಲೆ ಅದೇ ಬುಗುಡಿ. ಮೇಷ್ಟ್ರ ಅಸಿಸ್ಟೆಂಟು ಎಂದೆ. ಕ್ಯಾನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ಈಗ ಬೈಗುಳ ಶುರು ಎಂದು ನಾನು ತಲೆ ತಗ್ಗಿಸಿದೆ. ‘ಬನ್ನಿ ಅಣ್ಣ, ಒಳೀಕ್ ಬನ್ನಿ. ಎಷ್ಟ್ ವರ್ಸ ಕಾಯ್ಸುದ್ರಿ!’ ಎಂದಳು.

ಕಾಫಿ ಲೋಟ ಕೈಗೆ ಕೊಟ್ಟು ಅವಳು ಹೇಳಿದ್ದನ್ನು ನಿಮ್ಮ ಕಿವಿಯಲ್ಲಿ ಹೇಳುವ ಹಾಗಿದ್ದಿದ್ದರೆ... ಕೇಳಿ ಮೇಷ್ಟ್ರೇ. ಆ ಸಂಬಂಧ ಗಂಡಿನವರು ಮುರಿದದ್ದಲ್ಲ, ಇವಳು ಮುರಿಸಿದ್ದು! ‘ನಮ್ಮಪ್ಪನ್ ವಯಸ್ಸು ಅಣ್ಣ ಆ ಗಂಡಿಗೆ. ಎಡ್ತಿ ಸತ್ತಿದ್ಲು, ನನ್ ಎತ್ರುದ್ ಐಕ್ಳಿದ್ವು. ಒಲ್ಲೆ ಅಂದ್ರೆ ನಮ್ಮಪ್ಪ ಕೇಳ್ನಿಲ್ಲ. ಅತ್ತು ಕರ್ದೆ, ಊಟ ಬುಟ್ಟೆ, ಕೇಳ್ನಿಲ್ಲ. ಕೊನೀಗೆ ನಾನೇ ಕೆಂಪತ್ತೆ ಕಾಲ್ ಇಡ್ಕಂಡು, ಆ ಗಂಡಿನ್ ಕಡೆ ಎಂಗುಸ್ರು ಕಿವೀಗೆ ಒಂದ್ ಮಾತ್ ಆಕು ಅಂದೆ. ಸಿನಿಮಾದಲ್ಲಿ ತಾಳಿ ಬಿದ್ದೈತೆ, ಅಸೆ ಮ್ಯಾಲೆ ಕುಂತೆದ್ದೌಳೆ ಅಂತ. ಅಷ್ಟೇಯ. ಎಲೆ ಆಕಿದ್ರೂ ಉಣ್ದೆ ಎದ್ದೋದ್ರು’ ಎಂದು ಚಪ್ಪಾಳೆ ತಟ್ಟಿ ನಕ್ಕಳು. ಮಾರನೆಯ ವರ್ಷ ನಾಗಮಂಗಲದ ಈ ಹುಡುಗ ನೋಡಲು ಬಂದ, ಇವಳಿಗೆ ಒಪ್ಪಿಗೆಯಾಯಿತು. ಆಗ ಅದೇ ಕೆಂಪಮ್ಮ ಹೋಗಿ ಹೊಂಗೆ ಕಂಬದ ಗುಟ್ಟು ಹೇಳಿ, ಅದು ಮದುವೆಯೇ ಅಲ್ಲ ಎಂದು ಸಾಬೀತು ಮಾಡಿದಳಂತೆ. ‘ಬ್ಯಾಡ ಅಂದೋರ್ಗೆ ಮದ್ವೆ ಆಗಿತ್ತು, ಬೇಕು ಅಂದೋರ್ಗೆ ಆಗಿರ್ಲಿಲ್ಲ’ ಎಂದಳು ತಾಯಮ್ಮ. ಅವಳ ಗಂಡ ಬಾಗಿಲಲ್ಲಿ ನಿಂತು, ‘ಈಗ್ಲೂ ಜಗ್ಳ ಆದ್ರೆ, ನಿನ್ ಮೊದ್ಲುನ್ ಗಂಡ ಈರೋ ಅವ್ನಲ್ಲ, ಅವ್ನ್ ತಾವ್ಕೇ ಓಗು ಅಂತೀನಿ’ ಎಂದ.

ನನಗೆ ನಗು ಬರಲಿಲ್ಲ ಮೇಷ್ಟ್ರೇ, ಅಳು ಬಂತು. ಹೆಗಲ ಮೇಲಿಂದ ಹುಲ್ಲಿನ ಹೊರೆ ಇಳಿಸಿದಂತಾಗಿ ಅಲ್ಲೇ ಕಂಬಕ್ಕೆ ಒರಗಿ ಕೂತುಬಿಟ್ಟೆ. ನೀವು ಸುತ್ತಿದ ದಾರಿ, ತೆಗೆಯದೆ ಬಿಟ್ಟ ಮದುವೆಗಳು, ಕುಡಿಯದ ಆ ಮಜ್ಜಿಗೆ... ನಿಮ್ಮ ಕತೆಯನ್ನು ಹೇಳಿದೆ. ತಾಯಮ್ಮ ನಗು ನಿಲ್ಲಿಸಿ ಬಾಯಿಗೆ ಕೈ ಅಡ್ಡ ಹಿಡಿದಳು. ‘ನಾವು ಮೇಷ್ಟ್ರು ನಮ್ ಮ್ಯಾಲೆ ಕ್ವಾಪ ಮಾಡ್ಕಂಡವ್ರೆ ಅಂದ್ಕಂಡಿದ್ವಿ. ಅವ್ರು ಇಂಗ್ ಕೊರಗ್ತಾ ಇದ್ರಾ? ಒಂದ್ಸಲ ಬಂದಿದ್ರೆ ಕಾಲ್ಗ್ ಬಿದ್ದು, ನಿಮ್ ತಾಳಿ ನನ್ನ ಕಾಪಾಡ್ಬುಡ್ತು ಸ್ವಾಮಿ ಅಂತ ಏಳ್ತಿದ್ದೆ’ ಎಂದಳು. ನೀವು ಹೆದರಿ ಊರು ಬಿಟ್ಟಿರಿ, ಊರು ನಿಮಗೆ ಹೆದರಿ ಸುಮ್ಮನಿತ್ತು. ನಡುವೆ ಇದ್ದದ್ದು ಸುಮ್ಮನೆ ಒಂದು ರಸ್ತೆ. ಒಂದು ಸಲ ಆ ರಸ್ತೆಯಲ್ಲಿ ಹೋಗಿದ್ದರೆ? ಬಿಡಿ, ಈಗ ಅದನ್ನು ಅಂದು ಫಲವಿಲ್ಲ.

ಇದನ್ನೆಲ್ಲ ಸಾಕ್ಷ್ಯಚಿತ್ರದಲ್ಲಿ ಹಾಕಬಹುದೇ ಎಂದು ಶೈಲಜಾ ಕೇಳಿದಾಗ ತಾಯಮ್ಮ ಕಾಫಿ ಲೋಟಗಳನ್ನು ಎತ್ತಿಟ್ಟಳು. ‘ಆಕವ್ವ. ಆದ್ರೆ ಈ ಸಲ ಮೊಕ ತೋರ್ಸು. ಆ ಪಿಚ್ಚರ್ ನೋಡಕ್ಕೆ ಮಂಡ್ಯಕ್ಕೆ ಗಾಡಿ ಕಟ್ಕಂಡ್ ಓಗಿದ್ವಿ. ಬೆನ್ ನಂದು, ಮೊಕ ಇನ್ಯಾರ್ದೋ! ನಾನ್ ಕಣೇ ಅದು ಅಂದ್ರೆ ನಮ್ ಅಳೇ ಗೆಣ್ತೀರೂ ನಂಬ್ನಿಲ್ಲ’ ಎಂದಳು. ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ಬುಗುಡಿ ಸರಿಮಾಡಿಕೊಂಡು ಕ್ಯಾಮೆರಾದ ಎದುರಿಗೇ ಕೂತಳು. ನನಗೆ ಮರಿಯಯ್ಯ ನೆನಪಾದ.

ಹೋದ ಭಾನುವಾರ ಮಧ್ಯಾಹ್ನ ಅದು ಟಿವಿಯಲ್ಲಿ ಬಂತು. ನಾನು ನಾಗಮಂಗಲದ ಆ ಹಳ್ಳಿಗೇ ಹೋಗಿದ್ದೆ. ಡೈರಿಯ ಮುಂದೆ ಕಲರ್ ಟಿವಿ ಇಟ್ಟು ಊರೇ ನೆರೆದಿತ್ತು. ಕಿರಂಗೂರಿನಿಂದ ಕೆಂಪಮ್ಮನನ್ನು ಕರೆತಂದಿದ್ದರು. ಕರೆಂಟು ಹೋಗದಿರಲಿ ಎಂದು ಎಲ್ಲರೂ ಬಾಯಿಬಿಟ್ಟೇ ಬೇಡಿಕೊಳ್ಳುತ್ತಿದ್ದರು. ಹೋಗಲಿಲ್ಲ. ಮರಿಯಯ್ಯನ ಮುಖ, ಕೆಳಗೆ ಅವನ ಹೆಸರು. ಮಕ್ಬೂಲ್ ಸಾಬರು ಲಗಾಮು ಹಿಡಿದಂತೆ ಕೈ ಮಾಡಿ ಮಾತಾಡಿದರು, ಅವರ ಹೆಸರು. ಕೆಂಪಮ್ಮ ಬೆರಳಾಡಿಸಿ ಗಂಟು ಹಾಕದ್ದನ್ನು ತೋರಿಸಿದಾಗ ಜನ ಶಿಳ್ಳೆ ಹೊಡೆದರು. ವಿವಾಹ ವ್ಯವಸ್ಥೆಯ ವಿಮರ್ಶಕರನ್ನೂ ಶೈಲಜಾ ಬಿಟ್ಟಿಲ್ಲ. ಅವರ ಮಾತು ಮುಗಿದ ಕೂಡಲೇ ತಾಯಮ್ಮನ ಮುಖ ಬಂತು. ನೀವಿದ್ದಿದ್ದರೆ ಆ ಎಡಿಟಿಂಗಿಗೆ ಎದ್ದು ನಿಂತು ಸಲಾಮು ಹೊಡೆಯುತ್ತಿದ್ದಿರಿ. ಮರಿಯಯ್ಯನ ದೂರೂ ಉಳಿದಿದೆ, ಒಂದು ಅಕ್ಷರ ಕಡಿಮೆಯಾಗಿಲ್ಲ. ಅದರಿಂದ ನೀವು ಸಣ್ಣವರಾಗಲಿಲ್ಲ ಮೇಷ್ಟ್ರೇ. ಬೀರುವಿನ ಮುಂದೆ ಕೂತವರ ಬಾಯಲ್ಲಿ ಫೋಟೊ ಆಗಿಬಿಟ್ಟಿದ್ದವರು, ಇವರ ಬಾಯಲ್ಲಿ ಮತ್ತೆ ಬೀಡಿ ಸೇದುವ ಮನುಷ್ಯ ಆದಿರಿ.

ತನ್ನ ಹೆಸರು ತೆರೆಯ ಮೇಲೆ ಬಂದಾಗ ತಾಯಮ್ಮ ಕೂಗಲಿಲ್ಲ, ನಗಲಿಲ್ಲ. ಮಗಳ ಕೈ ಹಿಡಿದು ನೋಡುತ್ತಿದ್ದಳು. ಮುಗಿದ ಮೇಲೆ ನನ್ನ ಹತ್ತಿರ ಬಂದು, ‘ಅಣ್ಣ, ಬರೋ ತಿಂಗ್ಳು ಇವಳ ಮದ್ವೆ. ಉಡ್ಗ ಇವಳೇ ಒಪ್ಕಂಡಿರೋನು. ಮೇಷ್ಟ್ರು ಇದ್ದಿದ್ರೆ ಅವ್ರನ್ನ ಕರ್ಕಂಡ್ ಬಂದು ಚಪ್ರದಲ್ಲಿ ಮುಂದ್ಗಡೆ ಕುಂಡ್ರುಸ್ತಿದ್ದೆ. ಅವ್ರ ಬದ್ಲು ನೀವ್ ಬರ್ಬೇಕು’ ಎಂದಳು.

ಹೋಗುತ್ತೇನೆ ಮೇಷ್ಟ್ರೇ. ಹುಡುಗಿಯ ಸೋದರಮಾವ ಕಿರಂಗೂರಿನವನು ತಾನೆ, ಹಾಲುಗಂಬ ಅಲ್ಲಿಂದಲೇ ಹೊರಡುತ್ತದೆ; ಅವನ ಜೊತೆ ಎತ್ತಿನಗಾಡಿಯೋ ಟೆಂಪೋವೋ, ಏನು ಕಟ್ಟಿದರೂ ನಾನು ಹತ್ತುತ್ತೇನೆ, ಬೆಳಗೊಳದ ಸುತ್ತು ಇಲ್ಲದೆ. ಕೊಂಬೆ ಕಡಿಯುವಾಗ ಹತ್ತಿರ ನಿಂತಿರುತ್ತೇನೆ. ಅತ್ತಿಯೇ ಹೌದೋ ಅಲ್ಲವೋ ಎಂದು ನಾನೇ ಉಗುರಿನಿಂದ ಗೀರಿ ನೋಡುತ್ತೇನೆ. ಹಾಲು ಒಸರಿದರೆ, ನಿಮ್ಮ ಪಾಲಿನದು ಎಂದು ಹಣೆಗೆ ಹಚ್ಚಿಕೊಳ್ಳುತ್ತೇನೆ.

ಆ ಕೂಸು ಚೆನ್ನಾಗಿದೆ. ಇನ್ನು ಮಜ್ಜಿಗೆ ಕುಡಿಯಿರಿ.

ನಿಮ್ಮ
ನಿಂಗ